ಓಟಿಪಿ ನನ್ನ ಫೋನಿಗೆ ಬರುತ್ತಿತ್ತು

ಕಳೆದ ವರ್ಷ, 2025ರ ಜುಲೈ. ಬೆಳಗ್ಗೆ ಹತ್ತು ಗಂಟೆ ದಾಟಿತ್ತು. ಕೋಲಾರ ಎಪಿಎಂಸಿಯಲ್ಲಿ ಹರಾಜು ಜೋರಾಗಿತ್ತು. 15 ಕೆಜಿಯ ಟೊಮೆಟೊ ಬಾಕ್ಸ್‌ಗಳು ಸಾಲು ಸಾಲಾಗಿ ಕೂತಿದ್ದವು, ಕೂಗುವವರು ಒಂದೊಂದು ಸಾಲಿನ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ಯಾರ ಮಾಲು, ಎಷ್ಟು ಬಾಕ್ಸು, ಏನು ರೇಟು ಅಂತ ಬರೆದುಕೊಳ್ಳುತ್ತಿದ್ದೆ. ಮಂಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಜೇಬಿನಲ್ಲಿ ಫೋನ್ ಗುರ್ ಅಂತು. ನೋಡಿದರೆ ಆರು ಅಂಕಿಯ ಓಟಿಪಿ. ಅದರ ಹಿಂದೆಯೇ ಮಗಳ ಫೋನು.

"ಅಪ್ಪ, ಓಟಿಪಿ ಬಂತಾ?"

"ಇಲ್ಲ ಕಣಮ್ಮ, ಬಂದಿಲ್ಲ" ಅಂದೆ.

ಬಂದಿತ್ತು.

ಯಾಕೆ ಹಾಗಂದೆ ಅಂತ ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ನಮ್ಮ ಮನೆಗೆ ಎಷ್ಟು ಫೋನ್ ಬಂದವು ಅಂದರೆ, ನಂಬರ್ ಯಾರು ಕೊಟ್ಟರೋ ದೇವರೇ ಬಲ್ಲ. ಎಲ್ಲರದ್ದೂ ಒಂದೇ ಮಾತು. ಪಿಯುಸಿ ಜೊತೆಗೆ ಜೆಇಇ, ನೀಟ್, ಸಿಇಟಿ ಕೋಚಿಂಗ್, ಎಲ್ಲ ಒಂದೇ ಕಡೆ. ಹಾಸ್ಟೆಲ್ ಇದೆ, ಫೋನ್ ಕೊಡಲ್ಲ, ಟಿವಿ ಇಲ್ಲ, ನಿಮ್ಮ ಮಗಳನ್ನು ನಮ್ಮ ಕೈಗೆ ಕೊಟ್ಟುಬಿಡಿ ಸಾರ್. ನಾನು ಕೊಟ್ಟುಬಿಟ್ಟೆ. ಬೆಂಗಳೂರಿನ ಹೊರಗಿನ ಒಂದು ಕಾಲೇಜು. ಮೊದಲ ಕಂತು 60 ಸಾವಿರ ಕಟ್ಟಿದೆ. ಪ್ರತಿ ವಾರ ಟೆಸ್ಟು, ಮಾರ್ಕ್ಸ್ ನೋಡಿ ಸೆಕ್ಷನ್ ಬದಲಾಯಿಸುತ್ತಿದ್ದರು. ಈ ವಾರ ಎ ಸೆಕ್ಷನ್‌ನಲ್ಲಿ ಪಕ್ಕ ಕೂತ ಹುಡುಗಿ ಮುಂದಿನ ವಾರ ಸಿ ಸೆಕ್ಷನ್ನಿಗೆ ಹೋಗಿರುತ್ತಾಳೆ. ಭಾನುವಾರ ಹತ್ತು ನಿಮಿಷ ಫೋನು, ಅದೂ ವಾರ್ಡನ್ ಎದುರಿಗೆ ನಿಂತು. ನಾಲ್ಕನೇ ಭಾನುವಾರ ಅವಳು ಏನೂ ಮಾತಾಡಲಿಲ್ಲ. "ಊಟ ಮಾಡಿದ್ಯಾ?" "ಹೂಂ." "ಓದ್ತಿದ್ದೀಯಾ?" "ಹೂಂ." ಹತ್ತು ನಿಮಿಷ ಪೂರ್ತಿ ಹೂಂ.

ಐದನೇ ವಾರ ನಾನು, ನನ್ನ ಹೆಂಡತಿ ಹೋಗಿ ಕರೆದುಕೊಂಡು ಬಂದೆವು. ದುಡ್ಡು ವಾಪಸ್ ಬರಲಿಲ್ಲ. ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಹೊಸಕೋಟೆ ದಾಟುವ ತನಕ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ, ಆಮೇಲೆ ಅವಳು ಕಿಟಕಿ ಕಡೆ ತಿರುಗಿಕೊಂಡೇ, "ಅಪ್ಪ, ನಂಗೆ ಬಯಾಲಜಿ ಬೇಕು, ಮ್ಯಾಥ್ಸೂ ಬೇಕು. ಅಲ್ಲಿ ಒಂದನ್ನೇ ತಗೋ ಅಂತಾರೆ" ಅಂದಳು. ನನಗೆ ಅದು ಹೋಟೆಲಲ್ಲಿ ಇಡ್ಲಿನೂ ಬೇಕು ದೋಸೆನೂ ಬೇಕು ಅಂದ ಹಾಗೆ ಕೇಳಿಸಿತು. ಕೋಲಾರದಲ್ಲೇ ಪಿಸಿಎಂಬಿ ಸೇರಿದಳು.

ಆ ಬಯಾಲಜಿ ಆಸೆ ಗಟ್ಟಿಯಾಗಿದ್ದು ಯಾವಾಗ ಅಂತ ನನಗೆ ಗೊತ್ತು. 2023ರ ಜುಲೈನಲ್ಲಿ ನಮ್ಮ ಮಂಡಿಗಳಲ್ಲಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು, ನೆನಪಿದೆಯಲ್ಲ? ಟಿವಿಯವರೆಲ್ಲ ಬಂದಿದ್ದರು. ನಾನು ಮನೆಗೆ ಬಂದು ರೇಟಿನ ಕಥೆ ಹೇಳಿದರೆ ಇವಳು, ಇಷ್ಟು ಜನ ಟೊಮೆಟೊ ಹಾಕ್ತಾರಲ್ಲ, ಈ ಸಲ ಯಾಕೆ ಮಾಲೇ ಇಲ್ಲ ಅಂತ ಕೇಳಿದಳು. ಎಲೆ ಮುಟುರು ರೋಗ ಕಣಮ್ಮ, ಬಿಳಿ ನೊಣದಿಂದ ಹರಡುತ್ತೆ, ಗಿಡ ಮುದುಡಿಕೊಂಡು ಕಾಯೇ ಕಟ್ಟಲ್ಲ ಅಂದೆ. ಅಲ್ಲಿಗೆ ಮುಗಿಯಬೇಕಿತ್ತು. ಮಾರನೇ ಭಾನುವಾರ ವೇಮಗಲ್ ಹತ್ತಿರದ ನಮ್ಮ ಹಳ್ಳಿಗೆ ಹೋದಾಗ ಚಿಕ್ಕಪ್ಪನ ತೋಟದಲ್ಲಿ ಮುದುಡಿದ ಎಲೆಗಳನ್ನು ಕಿತ್ತು, ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡು ಬಂದಿದ್ದಳು. ಆ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಹಸಿರು ಕಲೆ ಇದೆ. ಆಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓಪನ್ ಡೇ ಇದೆ, ಯಾರು ಬೇಕಾದರೂ ಹೋಗಬಹುದು ಅಂತ ಹಠ ಹಿಡಿದು ನನ್ನನ್ನೂ ಎಳೆದುಕೊಂಡು ಹೋದಳು. ಜಾತ್ರೆ ಥರ ಜನ. ಅಲ್ಲಿ ಒಬ್ಬ ಹುಡುಗಿ, ಸಂಶೋಧನೆ ಮಾಡುವವಳಂತೆ, ಇವಳ ಜೊತೆ ವೈರಸ್ಸಿನ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ನಾನು ಪಕ್ಕದಲ್ಲಿ ನೀರಿನ ಬಾಟಲ್ ಹಿಡಿದು ನಿಂತಿದ್ದೆ.

ಇನ್ನು ಕಾಗದ ಪತ್ರದ ವಿಷಯ. ಈ ದೊಡ್ಡ ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕೋದು ಅಂದರೆ ಓದೋದು ಅಂತ ತಿಳಿದುಕೊಂಡಿದ್ದೆ. ಓದೋದು ಮಕ್ಕಳ ಪಾಲು. ನಮ್ಮ ಪಾಲಿಗೆ ಬರೋದು ಜೆರಾಕ್ಸ್. ಜೆಇಇ ಫಾರಂಗೆ ಫೋಟೋ ಬೇಕು, ಹಿಂದೆ ಬಿಳಿ ಬಣ್ಣ, ಮುಖ 80 ಪರ್ಸೆಂಟ್ ಕಾಣಬೇಕು, ಎರಡೂ ಕಿವಿ ಕಾಣಬೇಕು. ಸ್ಟುಡಿಯೋಗೆ ಅವಳಮ್ಮ ಮಲ್ಲಿಗೆ ಮುಡಿಸಿ ಕಳಿಸಿದ್ದಳು. ಮೊದಲ ಫೋಟೋದಲ್ಲಿ ಕಿವಿಗಿಂತ ಹೂವೇ ಜಾಸ್ತಿ. ಹೂವು ತೆಗೆದು, ಕೂದಲು ಹಿಂದಕ್ಕೆ ಸರಿಸಿ ಇನ್ನೊಂದು ತೆಗೆಸಿದೆವು. ಆಧಾರ್‌ನಲ್ಲಿ ಹೆಸರಿನ ಮುಂದೆ ನನ್ನ ಹೆಸರು ಪೂರ್ತಿ, ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್ಲು. ಇದನ್ನು ಸರಿ ಮಾಡಿಸಲು ಮೂರು ದಿನ ಓಡಾಡಿದೆ.

ಜಾತಿ ಪ್ರಮಾಣಪತ್ರದ್ದು ಇನ್ನೊಂದು ಕಥೆ. ನಮ್ಮ ರಾಜ್ಯದ 2ಎ, 3ಎ ಅನ್ನೋ ಪತ್ರ, ಆರ್‌ಡಿ ನಂಬರ್ ಇರೋದು, ಸಿಇಟಿಗೆ ನಡೆಯುತ್ತದೆ. ಐಐಟಿ, ಎನ್‌ಐಟಿ ಥರದ ಕೇಂದ್ರದ ಕಾಲೇಜುಗಳಿಗೆ ನಡೆಯಲ್ಲ. ಅದಕ್ಕೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಮ್ಮ ಜಾತಿ ಇರಬೇಕು, ಕೆನೆಪದರಕ್ಕೆ ಸೇರಿಲ್ಲ ಅಂತ ಬೇರೆ ನಮೂನೆಯ ಪತ್ರ ಬೇಕು. ನಾನು ಭಾರಿ ಮುಂದಾಲೋಚನೆ ಮಾಡಿ ಫೆಬ್ರವರಿಯಲ್ಲೇ ಮಾಡಿಸಿ ಇಟ್ಟುಕೊಂಡೆ. ಆಮೇಲೆ ನೋಡಿದರೆ ಅದು ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖಿನದ್ದೇ ಆಗಿರಬೇಕಂತೆ. ಮತ್ತೆ ನಾಡಕಚೇರಿ, ಮತ್ತೆ ಕ್ಯೂ. ನಿಮ್ಮ ಮನೆಯಲ್ಲಿ ಸೆಕೆಂಡ್ ಪಿಯುಸಿ ಮಗು ಇದ್ದರೆ ಈ ಒಂದು ಸಾಲು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಆದರೆ ನಿಜವಾಗಿ ಹೊಟ್ಟೆ ಉರಿದಿದ್ದು ಬೇರೆ ಕಡೆ. ಸಿಇಟಿಯಲ್ಲಿ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಓದಿರಬೇಕು. ಇವಳು ನಾಲ್ಕನೇ ಕ್ಲಾಸಿನವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. ಇಂಗ್ಲಿಷ್ ಬರಲಿ, ಒಳ್ಳೆ ಕಾಲೇಜು ಸಿಗಲಿ ಅಂತ ಐದನೇ ಕ್ಲಾಸಿಗೆ ಕೋಲಾರಕ್ಕೆ ಕರೆದುಕೊಂಡು ಬಂದವನು ನಾನೇ. ಎರಡು ಕೋಟಾನೂ ಅವತ್ತೇ ಹೋಯಿತು, ಗೊತ್ತಾಗಿದ್ದು ಎಂಟು ವರ್ಷ ಆದ ಮೇಲೆ. ಹಳ್ಳಿಯಲ್ಲೇ ಇದ್ದಿದ್ದರೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ ಒಂದು ರಾತ್ರಿ. ಲೆಕ್ಕ ಬರೆಯುವವನಿಗೆ ಇದೊಂದು ಕಾಯಿಲೆ.

ಈ ಓಡಾಟದಲ್ಲೇ ಎಲ್ಲ ಅರ್ಜಿಗೂ ನನ್ನ ಮೊಬೈಲ್ ನಂಬರ್ ಹೋಯಿತು. ಸೈಬರ್ ಸೆಂಟರಿನ ಹುಡುಗ "ನಂಬರ್ ಹೇಳಿ ಅಣ್ಣ" ಅಂದ, ನಾನು ನನ್ನದು ಹೇಳಿದೆ. ಅವಳ ಹತ್ತಿರ ಆಗ ಫೋನ್ ಇರಲಿಲ್ಲ. ಯಾರೂ ಕೂತು ಯೋಚನೆ ಮಾಡಿ ಮಾಡಿದ ತೀರ್ಮಾನ ಅಲ್ಲ ಅದು.

ಜೆಇಇ ಮೇನ್ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಏಪ್ರಿಲ್, ಎರಡರಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ತೆಗೆದುಕೊಳ್ಳುತ್ತಾರೆ. ನಮಗೆ ಸೆಂಟರ್ ಬಿದ್ದದ್ದು ವೈಟ್‌ಫೀಲ್ಡ್ ಕಡೆ. ಏಪ್ರಿಲ್‌ನಲ್ಲಿ 97.4 ಬಂತು. ಬಂತು ಅಂದರೆ, ದಶಾಂಶದ ಮುಂದೆ ಏಳು ಅಂಕಿ ಕೊಡುತ್ತಾರೆ, ನಾನು ಒಂದೇ ಹೇಳುತ್ತಿದ್ದೇನೆ. ನಮ್ಮ ಮಂಡಿಯಲ್ಲಿ ಎಲ್ಲರೂ ಅದನ್ನು ನೂರಕ್ಕೆ 97 ಮಾರ್ಕ್ಸ್ ಅಂತಲೇ ತಿಳಿದುಕೊಂಡರು. ಮಾಲೀಕರು ಒಂದು ಕೆಜಿ ಮೈಸೂರು ಪಾಕ್ ತರಿಸಿದರು. ನಾನೂ ಬೇಡ ಅನ್ನಲಿಲ್ಲ, ತಿಂದೆ. ಮನೆಗೆ ಬಂದರೆ ಮಗಳು ಪೆನ್ನು ಹಿಡಿದು ಲೆಕ್ಕ ತೋರಿಸಿದಳು. ಅದು ಪರ್ಸೆಂಟ್ ಅಲ್ಲಪ್ಪ, ಪರ್ಸೆಂಟೈಲ್. ಈ ಸಲ ಬರೆದವರು 14.75 ಲಕ್ಷ. ನೂರಕ್ಕೆ 2.6 ಮಂದಿ ನನಗಿಂತ ಮುಂದೆ ಇದ್ದಾರೆ ಅಂದರೆ ಸುಮಾರು 38 ಸಾವಿರ ಜನ. ದೇಶದ 23 ಐಐಟಿಗಳಲ್ಲಿ ಎಲ್ಲ ಸೇರಿ ಇರುವ ಸೀಟು 18 ಸಾವಿರದಷ್ಟು. ಮೈಸೂರು ಪಾಕ್ ಗಂಟಲಲ್ಲೇ ನಿಂತ ಹಾಗಾಯಿತು.

ಆ ವಾರ ಹಳ್ಳಿಯಿಂದ ನಮ್ಮಪ್ಪ ಬಂದಿದ್ದರು. ನಮ್ಮ ಕಡೆ ವಯಸ್ಸಾದವರಿಗೆ ಓದಿನ ಮಾತು ಬಂದರೆ ಎಚ್. ನರಸಿಂಹಯ್ಯನವರ ಹೆಸರು ಬಾರದೆ ಇರಲ್ಲ. ಗೌರಿಬಿದನೂರಿನ ಹೊಸೂರಿನವರು, ಆಗ ಅದೆಲ್ಲ ನಮ್ಮ ಕೋಲಾರ ಜಿಲ್ಲೆಯೇ, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಿ. 1935ರಲ್ಲಿ ಹೈಸ್ಕೂಲ್ ಓದಲು ಊರಿಂದ ಬೆಂಗಳೂರಿಗೆ ನಡೆದುಕೊಂಡು ಹೋದವರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ನಮ್ಮಪ್ಪ ಕತೆ ಪೂರ್ತಿ ಹೇಳಿ, "ನಿಂಗೆ ಬಸ್ಸಿದೆ, ಲೈಟಿದೆ, ಏನು ಕಮ್ಮಿ ಆಗಿದೆ ಹೇಳು" ಅಂದರು. ಇವಳು ಮುಖ ಎತ್ತದೆ, "ಅವರಿಗೆ ಪರ್ಸೆಂಟೈಲ್ ಇರಲಿಲ್ಲ ತಾತ" ಅಂದಳು. ನಮ್ಮಪ್ಪನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು.

ಜೆಇಇ ಮುಗಿದು ಎಂಟು ದಿನಕ್ಕೆ ಸಿಇಟಿ. ಇಲ್ಲೊಂದು ವಿಚಿತ್ರ ಇದೆ, ಹೊರಗಿನವರಿಗೆ ಕಾಣಲ್ಲ. ಜೆಇಇಯಲ್ಲಿ ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಬಿಟ್ಟುಬಿಡೋ ಧೈರ್ಯ ಬೇಕು. ಸಿಇಟಿಯಲ್ಲಿ ತಪ್ಪಿಗೆ ಏನೂ ಕಳೆಯಲ್ಲ, ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಒಂದೂ ಖಾಲಿ ಬಿಡಬಾರದು. ಎರಡು ವರ್ಷ "ಗೊತ್ತಿಲ್ಲ ಅಂದ್ರೆ ಮುಟ್ಟಬೇಡ" ಅಂತ ಹೇಳಿಸಿಕೊಂಡ ಮಗುವಿಗೆ ಒಂದೇ ವಾರದಲ್ಲಿ "ಗೊತ್ತಿಲ್ಲದಿದ್ರೂ ತುಂಬು" ಅನ್ನಬೇಕು. ಇವಳು ಸಿಇಟಿಯ ಹಿಂದಿನ ರಾತ್ರಿ ಖಾಲಿ ಓಎಂಆರ್ ಹಾಳೆ ಪ್ರಿಂಟ್ ಹಾಕಿಸಿಕೊಂಡು, ಏನೂ ಓದದೆ, ಸುಮ್ನೆ ಗುಂಡಗೆ ತುಂಬುತ್ತಾ ಕೂತಿದ್ದಳು. ನಾನು ಹಾಲು ಕೊಡೋಕೆ ಹೋದವನು ನೋಡಿ ಗಾಬರಿಯಾದೆ. ಅಭ್ಯಾಸ ಮಾಡ್ತಿದ್ದೀನಿ ಅಪ್ಪ, ಕೈಗೆ ಭಯ ಹೋಗಬೇಕು ಅಂದಳು.

ಮೇ 18ಕ್ಕೆ ಜೆಇಇ ಅಡ್ವಾನ್ಸ್ಡ್ ಬರೆದಳು, ಐಐಟಿ ಸೀಟಿಗೆ ಬರೆಯಬೇಕಾದ ಎರಡನೇ ಹಂತದ ಪರೀಕ್ಷೆ ಅದು. ಎರಡೂ ಪೇಪರ್ ಬರೆದವರು 1,80,422, ಪಾಸಾದವರು 54,378. ಇವಳು ಆಗಲಿಲ್ಲ. ಒಂದು ಸಂಜೆ ಅತ್ತಳು, ರಾತ್ರಿ ಊಟ ಮಾಡಿದಳು. ಅದರ ಬಗ್ಗೆ ಇಷ್ಟೇ.

ಅಡ್ವಾನ್ಸ್ಡ್ ಆದ ಮುಂದಿನ ಭಾನುವಾರ ಇನ್ನೊಂದು ಪರೀಕ್ಷೆ ಇತ್ತು. ಅದರ ಅರ್ಜಿ ಅವಳೇ ಹಾಕಿಕೊಂಡಿದ್ದಳು, ನಾನು ಓಟಿಪಿ ಹೇಳಿದ್ದು ಮಾತ್ರ. ಐಸರ್ ಅಂತ ಏಳು ಸಂಸ್ಥೆಗಳಿವೆ, ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬೆರ್ಹಾಂಪುರ. ವಿಜ್ಞಾನವನ್ನೇ ಓದೋದು, ಐದು ವರ್ಷ, ಬಿಎಸ್-ಎಂಎಸ್. ಅದಕ್ಕೆ ಐಎಟಿ ಅನ್ನೋ ಪರೀಕ್ಷೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ, ಒಂದೊಂದರಲ್ಲಿ 15 ಪ್ರಶ್ನೆ. ಇಡ್ಲಿನೂ ದೋಸೆನೂ ಒಂದೇ ತಟ್ಟೆಯಲ್ಲಿ ಕೊಡುವ ಹೋಟೆಲ್ ಅವಳಿಗೆ ಸಿಕ್ಕಿತ್ತು, ನನಗೆ ಹೇಳಿರಲಿಲ್ಲ. ಹೇಳಿದ್ದಳಂತೆ. ನಾನು ಕೇಳಿಸಿಕೊಂಡಿರಲಿಲ್ಲ.

ಈ ನಡುವೆ ಸಿಇಟಿ ನಡೆಸಿ ಸೀಟು ಹಂಚುವ ಕೆಇಎಯ ಆಪ್ಷನ್ ಎಂಟ್ರಿ ಶುರುವಾಯಿತು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ಯಾವ ಕಾಲೇಜು, ಯಾವ ಬ್ರಾಂಚು ಅಂತ ಪಟ್ಟಿ ಕೊಡಬೇಕು, ಎಷ್ಟು ಉದ್ದ ಬೇಕಾದರೂ. ಕಂಪ್ಯೂಟರ್ ಆ ಪಟ್ಟಿಯನ್ನು ಮೇಲಿಂದ ಓದುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅಲ್ಲಿಗೆ ನಿಲ್ಲುತ್ತದೆ, ಅದರ ಕೆಳಗೆ ನೋಡೋದೇ ಇಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹಿಂದಿನ ವರ್ಷ "ಖಂಡಿತ ಸಿಗೋದನ್ನ ಮೊದಲು ಹಾಕು, ಆಸೆಯದ್ದನ್ನ ಆಮೇಲೆ ಹಾಕು" ಅಂತ ಮಗನಿಗೆ ಹೇಳಿದ್ದರು. ಖಂಡಿತ ಸಿಗೋದೇ ಸಿಕ್ಕಿತು. ಆಸೆಯದ್ದಕ್ಕೂ ರ‍್ಯಾಂಕ್ ಸಾಕಾಗುತ್ತಿತ್ತು ಅಂತ ಆಮೇಲೆ ತಿಳಿಯಿತು. ಸಿಗುತ್ತೋ ಇಲ್ಲವೋ ಅನ್ನೋದು ಕಂಪ್ಯೂಟರಿನ ಕೆಲಸ. ನಮ್ಮದು ಏನು ಬೇಕು ಅನ್ನೋದನ್ನು ಸಾಲಾಗಿ ಬರೆಯೋದು ಮಾತ್ರ. ಕೇಳೋಕೆ ಸುಲಭ. ಮನೆಯಲ್ಲಿ ಮೂರು ಜನ ಕೂತು ಬರೆಯೋಕೆ ಹೋಗಿ ನೋಡಿ.

ನಮ್ಮ ಪಟ್ಟಿಯ ಮೊದಲ ಹತ್ತು ಸಾಲು ನನ್ನವು. ಬೆಂಗಳೂರು, ಕಂಪ್ಯೂಟರ್ ಸೈನ್ಸ್. ಬೆಂಗಳೂರು, ಇನ್ಫರ್ಮೇಷನ್ ಸೈನ್ಸ್. ಶನಿವಾರ ಬಸ್ ಹತ್ತಿದರೆ ಎರಡು ಗಂಟೆಯಲ್ಲಿ ಮನೆ. ಎದುರು ಮನೆಯ ಹುಡುಗ ಅದನ್ನೇ ಓದಿ, ಮೂರೇ ವರ್ಷಕ್ಕೆ ಮನೆ ಮೇಲೆ ಮನೆ ಕಟ್ಟಿಸಿದ್ದಾನೆ. ಅವಳು ಏನೂ ಅನ್ನದೆ ನಾನು ಹೇಳಿದ್ದನ್ನೇ ಟೈಪ್ ಮಾಡಿದಳು. ಆ ಸುಮ್ಮನಿರುವಿಕೆ ಭಾನುವಾರದ ಹತ್ತು ನಿಮಿಷದ ಹೂಂ ಥರಾನೇ ಇತ್ತು. ಗುರುತು ಹಿಡಿಯಬೇಕಿತ್ತು ನಾನು. ಮಾಕ್ ಅಲಾಟ್‌ಮೆಂಟ್ ಬಂತು, ಮೂರನೇ ಸಾಲಿನದ್ದು ತೋರಿಸಿತು. ಮಾಕ್ ಅಂದರೆ ಸುಮ್ನೆ ಅಂದಾಜು, ಪಕ್ಕಾ ಅಲ್ಲ, ಆದರೂ ನಾನು ಮಂಡಿಯಲ್ಲಿ ನಾಲ್ಕು ಜನಕ್ಕೆ ಹೇಳಿಬಿಟ್ಟೆ.

ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ತಿರುಪತಿ ಐಸರ್‌ನಿಂದ ಆಫರ್ ಬಂತು. ಒಪ್ಪಿಕೊಂಡು ದುಡ್ಡು ಕಟ್ಟೋಕೆ ಕೆಲವೇ ದಿನ ಟೈಮು. ಅವಳಿಗೆ ಪಾಸ್‌ವರ್ಡ್ ಮರೆತಿತ್ತು. ಹೊಸದು ಬೇಕು ಅಂದರೆ ನೋಂದಣಿಯಾದ ಮೊಬೈಲ್‌ಗೆ ಓಟಿಪಿ ಹೋಗುತ್ತದೆ. ಮೊಬೈಲ್ ಮಂಡಿಯಲ್ಲಿ, ನನ್ನ ಜೇಬಿನಲ್ಲಿ.

ಬಂದಿಲ್ಲ ಅಂದೆ. ಅಂದು ಫೋನ್ ಜೇಬಿಗೆ ಹಾಕಿ, ಮತ್ತೆ ಬರೆಯೋಕೆ ನಿಂತೆ. ಆ ಹದಿನೈದು ನಿಮಿಷ ಬರೆದ ಲೆಕ್ಕ ಆಮೇಲೆ ನೋಡಿದೆ, ಒಬ್ಬ ರೈತರ 42 ಬಾಕ್ಸ್ 24 ಆಗಿತ್ತು. ಇಷ್ಟು ವರ್ಷದಲ್ಲಿ ಅಂಥ ತಪ್ಪು ಆಗಿರಲಿಲ್ಲ. ಎರಡನೇ ಸಲ ಫೋನ್ ಬಂತು. "ಅಪ್ಪ, ಇನ್ನೊಂದ್ಸಲ ಕಳಿಸಿದ್ದೀನಿ ನೋಡು." ಹೇಳಿದೆ. ಆರು ಅಂಕಿ, ನಿಧಾನವಾಗಿ, ಎರಡೆರಡಾಗಿ. ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿಸಿತು.

ಸಂಜೆ ಚಾರ್ಜಿಗೆ ಹಾಕಿದ್ದ ನನ್ನ ಫೋನ್ ಅವಳ ಕೈಯಲ್ಲಿತ್ತು. ಹೆಂಡತಿ ಅವರೆಕಾಳಿನ ಸಿಪ್ಪೆ ಬಿಡಿಸುತ್ತಾ ಕೂತಿದ್ದಳು.

"ಹತ್ತು ಹದಿನೇಳಕ್ಕೆ ಒಂದು, ಹತ್ತು ಮೂವತ್ತೊಂದಕ್ಕೆ ಒಂದು. ಎರಡು ಬಂದಿದೆಯಲ್ಲಪ್ಪ."

ನೆಟ್‌ವರ್ಕ್ ಅಂತ ಏನೋ ಹೇಳೋಕೆ ಹೋದೆ. ಅವಳು ಬಿಡಲಿಲ್ಲ. "ನೀನು ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ನಾನು ಜಗಳ ಆಡ್ತಿದ್ದೆ. ಬಂದಿಲ್ಲ ಅಂದ್ರೆ ನಾನು ಯಾರ ಹತ್ರ ಜಗಳ ಆಡಲಿ?"

ಹೆಂಡತಿಯ ಕೈ ನಿಂತಿತು. ನನ್ನ ಕಡೆ ನೋಡಿದಳು, ಅಷ್ಟೇ.

ಆವತ್ತು ಬಾಯಿಬಿಟ್ಟೆ. ಐದು ವರ್ಷ ಓದಿ ಆಮೇಲೆ ಪಿಎಚ್‌ಡಿ ಅಂತೀಯ, ದುಡಿಯೋದು ಯಾವಾಗ ಅಂದೆ. ನಾನು ಮಂಡಿಯಲ್ಲಿ ನಿಲ್ಲೋಕೆ ಇನ್ನೆಷ್ಟು ವರ್ಷ ಆಗುತ್ತೆ, ಮೊಣಕಾಲು ಈಗಲೇ ಹೇಳ್ತಿದೆ ಅಂದೆ. ಮದುವೆ ಅಂತಲೂ ಅಂದೆ, ಅಂದಿದ್ದಕ್ಕೆ ಹೆಂಡತಿ ಹತ್ತಿರ ಬೈಸಿಕೊಂಡೆ. ಎದುರು ಮನೆಯ ಹುಡುಗನ ಹೆಸರೂ ಬಂತು. ಅವಳು ಎಲ್ಲ ಕೇಳಿಸಿಕೊಂಡಳು. ಉತ್ತರ ಇತ್ತು ಅಂತ ಅಲ್ಲ. "ದುಡಿಯೋದು ಯಾವಾಗ ಅಂತ ನಂಗೂ ಗೊತ್ತಿಲ್ಲಪ್ಪ. ಕಂಪ್ಯೂಟರ್ ಸೈನ್ಸ್ ತಗೊಂಡ್ರೆ ಗೊತ್ತಿರುತ್ತಾ?" ಅಂದಳು. ಟೊಮೆಟೊ 2,000 ಆಗಿದ್ದನ್ನು ನೋಡಿ ಮುಂದಿನ ಬೆಳೆಗೆ ಊರಿಗೆ ಊರೇ ಟೊಮೆಟೊ ಹಾಕಿದ್ದೂ ನನ್ನ ಕಣ್ಣೆದುರಿಗೇ. ರೇಟು ಬಿದ್ದಾಗ ರಸ್ತೆ ಪಕ್ಕ ಸುರಿದು ಹೋದವರ ಲೆಕ್ಕವನ್ನೂ ನಾನೇ ಬರೆದಿದ್ದೇನೆ. ಆದರೂ ಅವಳ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು ಅಂತ ಹೇಳಲಾರೆ. ಅರ್ಧ ಒಪ್ಪಿಗೆಯಾಯಿತು. ಇನ್ನರ್ಧ ಈಗಲೂ ರಾತ್ರಿ ಎಚ್ಚರವಾದಾಗ ಎದ್ದು ಕೂರುತ್ತದೆ.

ಮಾರನೇ ದಿನ ದುಡ್ಡು ಕಟ್ಟುವಾಗ ಬ್ಯಾಂಕಿನ ಓಟಿಪಿ ಬಂತು. ಅದು ನಿಜವಾಗಲೂ ನನ್ನದೇ. ಮನೆಯಲ್ಲೇ ಕೂತು, ನಾನೇ ಒತ್ತಿದೆ.

ತಿರುಪತಿ ನಮಗೆ ದೂರ ಅಲ್ಲ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ಆಮೇಲೆ ತಿರುಪತಿ. ನಮ್ಮ ಕಡೆಯವರಿಗೆ ತೆಲುಗು ಬೇರೆ ಹೇಳಿಕೊಡಬೇಕಾಗಿಲ್ಲ. ಕಾಲೇಜು ಇರೋದು ಊರಿಂದಾಚೆ, ಏರ್ಪೇಡು ಹತ್ತಿರ, ಸುತ್ತ ಬಯಲು, ಬಿಸಿಲು. ಬಿಟ್ಟು ಬರೋಕೆ ಹೋದಾಗ ನನ್ನ ಹೆಂಡತಿ ಎರಡು ಬಾಟಲ್ ಮಾವಿನಕಾಯಿ ಉಪ್ಪಿನಕಾಯಿ, ಹುರಿಗಾಳಿನ ಪುಡಿ, ಒಂದು ಪೊರಕೆ ಕೂಡ ತಂದಿದ್ದಳು. ಪೊರಕೆ ಯಾಕೆ ಅಂತ ಕೇಳಿದ್ದಕ್ಕೆ ನನಗೆ ಉತ್ತರ ಸಿಗಲಿಲ್ಲ. ಆ ನೋಟ್‌ಬುಕ್ಕನ್ನು, ಎಲೆಯ ಕಲೆ ಇರುವುದನ್ನು, ಅವಳು ತೆಗೆದುಕೊಂಡು ಹೋಗಲಿಲ್ಲ. ಕಪಾಟಿನಲ್ಲೇ ಇದೆ.

ಈಗ ಅವಳ ಹತ್ತಿರ ಫೋನ್ ಇದೆ, ಅವಳದೇ ನಂಬರ್. ಆದರೂ ಎಲ್ಲೋ ಒಂದು ಕಡೆ ಹಳೇ ನಂಬರ್ ಉಳಿದುಕೊಂಡಿದೆ, ಏನೋ ಫೀಸ್ ಕಟ್ಟುವಾಗ, ಏನೋ ಫಾರಂ ತುಂಬುವಾಗ ಓಟಿಪಿ ಇವತ್ತಿಗೂ ನನಗೇ ಬರುತ್ತದೆ. ಅರ್ಜಿ ಬರೆದುಕೊಟ್ಟರೆ ಬದಲಾಯಿಸುತ್ತಾರಂತೆ, ಮುಂದಿನ ಸೆಮಿಸ್ಟರ್ ಮಾಡ್ತೀನಿ ಅಂತಾಳೆ. ಬೇಕೂಂತಲೇ ಬಿಟ್ಟಿದ್ದಾಳೆ, ನಿಮ್ಮ ಜೊತೆ ಮಾತಾಡೋಕೆ ಒಂದು ನೆಪ ಬೇಕಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಮೊನ್ನೆ ಮಂಡಿಯಲ್ಲಿದ್ದಾಗ ಬಂತು. ಕೂಗಾಟದ ನಡುವೆ ನಾನೇ ಫೋನ್ ಮಾಡಿ, ಅವಳು ಕೇಳುವ ಮೊದಲೇ, ಎರಡೆರಡಾಗಿ ಹೇಳಿದೆ. "ಅಪ್ಪ, ಇದು ನಾನು ಹಾಕಿದ್ದಲ್ಲ" ಅಂದಳು. ನೋಡಿದರೆ ನನ್ನ ಗ್ಯಾಸ್ ಬುಕ್ಕಿಂಗಿನದ್ದು.